ಇಂದಿನ ಧಾರಣೆ ನೋಡುವಾಗ ಹಿಂದಿನ ಲೆಕ್ಕವೂ ಕೈಲಿರಲಿ

ಕಾಸರಗೋಡು: ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಅಡಿಕೆ ಕೃಷಿಕರು ಧಾರಣೆ ತಿಳಿಯಲು ಈಗ ಪೇಟೆಗೆ ಹೋಗಬೇಕೆಂದಿಲ್ಲ, ಮರುದಿನದ ಪೇಪರಿಗೆ ಕಾಯಬೇಕೆಂದೂ ಇಲ್ಲ. ಮೊಬೈಲಿಗೇ ಬಂದು ಬೀಳುತ್ತದೆ. ಆದರೆ 'ಇವತ್ತು ರೇಟು ಎಷ್ಟು?' ಎಂಬ ಪ್ರಶ್ನೆಗೆ ಸಿಗುವಷ್ಟು ಸುಲಭವಾಗಿ 'ಕೊಡುವುದೋ, ಇನ್ನೂ ಇಡುವುದೋ?' ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಮಕ್ಕಳ ಫೀಸು, ಬ್ಯಾಂಕಿನ ಸಾಲ, ಮಳೆಗಾಲದ ಔಷಧಿ ಸಿಂಪಡಣೆಯ ಖರ್ಚು ಎಲ್ಲವೂ ನಿಂತಿರುವುದು ಈ ಎರಡನೇ ಪ್ರಶ್ನೆಯ ಮೇಲೆ.

ಧಾರಣೆ ಕುಸಿತದ ಪೆಟ್ಟು ಈ ನಾಡಿಗೆ ಹೊಸತಲ್ಲ. 1970ರ ದಶಕದ ಆರಂಭದಲ್ಲಿ ಬೆಲೆ ನೆಲಕಚ್ಚಿದಾಗಲೇ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ-ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿಕೊಂಡಿತು. ಅಂದು ಮಾಹಿತಿಯೇ ಇರಲಿಲ್ಲ, ವ್ಯಾಪಾರಿ ಹೇಳಿದ್ದೇ ರೇಟು. ಇಂದು ಮಾಹಿತಿ ಧಾರಾಳ, ಅದನ್ನು ಹೋಲಿಸಿ ನೋಡುವ ಕ್ರಮ ಮಾತ್ರ ಕಡಿಮೆ.

ಪರದೆಯಲ್ಲಿ ಏನಿದೆ?

ಕೇರಳದಲ್ಲಿ ಎಪಿಎಂಸಿ ಕಾಯ್ದೆ ಇಲ್ಲ. ಹಾಗಾಗಿ ಗಡಿಯಾಚೆಯ ಪುತ್ತೂರು, ಬಂಟ್ವಾಳ, ಮಂಗಳೂರಿನ ಮಾರುಕಟ್ಟೆ ಧಾರಣೆಯತ್ತಲೂ ಇಲ್ಲಿನವರು ಕಣ್ಣಿಡಬೇಕಾಗುತ್ತದೆ. ಕೇಂದ್ರ ಸರಕಾರ 2000ದಲ್ಲಿ ಆರಂಭಿಸಿದ ಆಗ್‌ಮಾರ್ಕ್‌ನೆಟ್ ಮತ್ತು ಕರ್ನಾಟಕದ ಕೃಷಿ ಮಾರಾಟ ವಾಹಿನಿ ತಾಣಗಳಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ. ಗರಿಷ್ಠ ದರ ಕಂಡು ಹಿಗ್ಗಿದರೆ ಪ್ರಯೋಜನವಿಲ್ಲ. ಅದು ಒಂದೆರಡು ಒಳ್ಳೆಯ ಲಾಟಿಗೆ ಮಾತ್ರ ಸಿಕ್ಕಿರಬಹುದು. ಹೆಚ್ಚಿನ ಮಾಲು ಮಾರಾಟವಾದದ್ದು ಮಾದರಿ ದರದ ಆಸುಪಾಸಿನಲ್ಲಿ. ನೋಡಬೇಕಾದ್ದು ಅದನ್ನು. ಪಕ್ಕದಲ್ಲೇ ಆವಕದ ಪ್ರಮಾಣವೂ ಇರುತ್ತದೆ. ನಾಲ್ಕು ಮೂಟೆ ಬಂದ ದಿನದ ದರಕ್ಕೂ ಲಾರಿಗಟ್ಟಲೆ ಬಂದ ದಿನದ ದರಕ್ಕೂ ಒಂದೇ ತೂಕ ಕೊಡಲಾಗದು.

ಇನ್ನೊಂದು ಗೊಂದಲ ಜಾತಿಯದ್ದು. ಕ್ವಿಂಟಾಲಿಗೆ ಇಷ್ಟು ಸಾವಿರ ಎಂದು ಟಿವಿಯಲ್ಲಿ ಬರುವ ದರ ಎಷ್ಟೋ ಸಲ ಶಿವಮೊಗ್ಗದ ರಾಶಿ ಅಡಿಕೆಯದ್ದು. ಅದು ಬೇಯಿಸಿದ ಕೆಂಪಡಿಕೆ, ನಮ್ಮದು ಅಂಗಳದಲ್ಲಿ ಒಣಗಿಸಿದ ಚಾಲಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ.

ಹೊಸತು ಹಳತಾಗುವಾಗ

ಚಾಲಿಯಲ್ಲೂ ಎಚ್ಚರ ಬೇಕು. ಈ ವರ್ಷದ 'ಹೊಸ ಅಡಿಕೆ' ಬರುವ ವರ್ಷ 'ಹಳೆ ಅಡಿಕೆ'ಯಾಗುತ್ತದೆ, ಇನ್ನೂ ಇಟ್ಟರೆ ಡಬಲ್ ಚೋಲು. ಕಳೆದ ವರ್ಷದ ಹಳೆ ಅಡಿಕೆಯ ರೇಟನ್ನು ಈ ವರ್ಷದ ಹೊಸತಕ್ಕೆ ಹೋಲಿಸಿ 'ಧಾರಣೆ ಬಿತ್ತು' ಎಂದು ಹೆದರುವುದರಲ್ಲಿ ಅರ್ಥವಿಲ್ಲ. ಹೊಸತನ್ನು ಹೊಸತಕ್ಕೆ, ಅದೂ ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಬೇಕು. ಪಟೋರ, ಉಳ್ಳಿ, ಕರಿಗೋಟಿಗೂ ಇದೇ ಲೆಕ್ಕ.

ಇಟ್ಟು ಮಾರುವವರು ಬಡ್ಡಿಯನ್ನೂ ಮರೆಯಬಾರದು. ಲೆಕ್ಕಕ್ಕಾಗಿ ಕಿಲೋಗೆ 400 ರೂ. ಇದ್ದಾಗ ಒಂದು ಕ್ವಿಂಟಾಲ್ ಕೊಡದೆ ಒಂಬತ್ತು ತಿಂಗಳು ಇಟ್ಟೆವು ಎಂದಿಟ್ಟುಕೊಳ್ಳೋಣ. ಸಾಲದ ಬಡ್ಡಿ ಶೇ. 9 ಆದರೆ 40,000 ರೂ.ಗೆ 2,700 ರೂ. ಬಡ್ಡಿ. ಒಣಗಿ ಎರಡು ಕಿಲೋ ಇಳಿದರೆ ಉಳಿಯುವುದು 98 ಕಿಲೋ. 430 ರೂ.ಗೆ ಮಾರಿದರೆ ಸಿಗುವುದು 42,140 ರೂ. ಪರದೆಯಲ್ಲಿ 30 ರೂ. ಏರಿದಂತೆ ಕಂಡರೂ ಕೈಯಿಂದ 560 ರೂ. ಹೋಯಿತು! ಅಸಲಾಗಬೇಕಿದ್ದರೆ 436 ರೂ. ಹತ್ತಿರ ಸಿಗಬೇಕಿತ್ತು.

ಅಳಿಸಿಹೋಗುವ ಮುನ್ನ

ಡ್ಯಾಶ್‌ಬೋರ್ಡ್ ಎಂಬುದು ಅಂಗಡಿಯ ಕರಿಹಲಗೆಯಿದ್ದಂತೆ. ಇವತ್ತಿನದ್ದು ಬರೆದಾಗ ನಿನ್ನೆಯದ್ದು ಕಣ್ಣಿಂದ ಮರೆಯಾಗುತ್ತದೆ. ಸರಕಾರಿ ತಾಣಗಳಲ್ಲಿ ಹಳೆಯ ದಿನಾಂಕ ಕೊಟ್ಟು ಹುಡುಕಬಹುದು. ಆದರೆ ನಮ್ಮೂರ ಅಂಗಡಿಯ, ಸೊಸೈಟಿಯ ರೇಟು ಅಲ್ಲಿರುವುದಿಲ್ಲ. ಅದಕ್ಕೆ ಉಪಾಯ ಸ್ನ್ಯಾಪ್‌ಶಾಟ್, ಎಂದರೆ ಆ ದಿನದ ಚಿತ್ರವನ್ನು ಹಾಗೇ ಹಿಡಿದಿಡುವುದು. ವಾರಕ್ಕೊಮ್ಮೆ, ಒಂದೇ ವಾರದ ದಿನ, ಧಾರಣೆಯ ಪರದೆಯ ಚಿತ್ರ ತೆಗೆದು ತಾರೀಕು ಹಾಕಿಟ್ಟರೆ ವರ್ಷಕ್ಕೆ 52 ದಾಖಲೆ. ಮೊಬೈಲ್ ಒಗ್ಗದ ಹಿರಿಯರಿಗೆ ಗೋಡೆಯ ಕ್ಯಾಲೆಂಡರೇ ಸಾಕು.

ದರದ ಪಕ್ಕ ಕಾರಣವನ್ನೂ ಬರೆದಿಟ್ಟರೆ ಇನ್ನೂ ಒಳ್ಳೆಯದು. ಅಡಿಕೆಯ ಕನಿಷ್ಠ ಆಮದು ದರ 2017ರಲ್ಲಿ ಕಿಲೋಗೆ 251 ರೂ. ಆಯಿತು, 2023ರ ಫೆಬ್ರವರಿಯಲ್ಲಿ 351 ರೂ.ಗೆ ಏರಿತು. ಕೊಳೆರೋಗ ಜೋರಾದ ವರ್ಷ ಬೆಳೆಯೇ ಕಡಿಮೆ. ಇಂಥ ಟಿಪ್ಪಣಿ ಇಲ್ಲದಿದ್ದರೆ ಹಳೆಯ ಅಂಕಿ ಬರೀ ಅಂಕಿಯಾಗಿ ಉಳಿಯುತ್ತದೆ.

ಹಿಂದಿನ ಲೆಕ್ಕ ಎಷ್ಟಿದ್ದರೂ ನಾಳೆಯ ಧಾರಣೆಯನ್ನು ಅದು ಹೇಳದು. ಆದರೆ ಗಾಳಿಮಾತಿಗೆ ಹೆದರಿ ಗೋಣಿ ಕಟ್ಟುವುದನ್ನೂ, ಆಸೆಗೆ ಬಿದ್ದು ಮಳೆಗಾಲದವರೆಗೆ ಇಟ್ಟು ಕೆಡಿಸಿಕೊಳ್ಳುವುದನ್ನೂ ಅದು ತಪ್ಪಿಸಬಹುದು. ಈ ಹಂಗಾಮಿನಲ್ಲಿ ಗಾರ್ಬಲ್ ಮಾಡಿಸುವ ದಿನದಿಂದಲೇ ಒಂದು ನೋಟ್‌ಬುಕ್ ತೆರೆದರೆ ಬರುವ ವರ್ಷ ಹೋಲಿಸಲು ಏನಾದರೂ ಕೈಲಿರುತ್ತದೆ.