ನಕ್ಷೆ ಬೆಳೆದಾಗ ಗಡಿ ಏಕೆ ಒಡೆಯುತ್ತದೆ?

ದಾವಣಗೆರೆ ಜಿಲ್ಲೆಯ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳ ಎಲ್ಲೆಗಳನ್ನು ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ತೆರೆಯ ಮೇಲೆ ಬಿಡಿಸಿದ್ದಾನೆಂದು ಭಾವಿಸೋಣ. ನಕ್ಷೆ ಬಹಳ ಚಿಕ್ಕದಾಯಿತೆಂದು ತೋರಿ, ಒಂದೊಂದು ಆಕೃತಿಯನ್ನೂ ಇಮ್ಮಡಿ ಮಾಡುವಂತೆ ಅವನು ಯಂತ್ರಕ್ಕೆ ಆಜ್ಞೆಯಿತ್ತನು. ಯಂತ್ರವು ಹೇಳಿದಂತೆಯೇ ಮಾಡಿತು. ಆದರೆ ಫಲವೇನಾಯಿತು? ನ್ಯಾಮತಿಯು ಹೊನ್ನಾಳಿಯ ಮೇಲೇರಿ ಕುಳಿತಿತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯು ತನ್ನ ದಡದ ಹಳ್ಳಿಗಳನ್ನು ಬಿಟ್ಟು ಬೇರೆಲ್ಲಿಯೋ ಕಾಣಿಸಿತು. ನ್ಯಾಮತಿಯು ಈಚೆಗಷ್ಟೇ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದುದು. ಮರಳಿ ಒಂದಾಗಲು ಅದು ಹವಣಿಸಿತೆಂದು ನಾವು ವಿನೋದಕ್ಕಾಗಿ ಹೇಳಬಹುದು. ನಿಜವಾದ ಕಾರಣ ಗಣಿತದಲ್ಲಿದೆ.

ತೆರೆಯ ಮೇಲಿನ ಚಿತ್ರಗಳಲ್ಲಿ ಎರಡು ಜಾತಿ. ಛಾಯಾಚಿತ್ರವು ಬಣ್ಣದ ಚುಕ್ಕೆಗಳ ರಾಶಿ. ಅದನ್ನು ಹಿಗ್ಗಿಸಿದರೆ ಚುಕ್ಕೆಗಳೇ ದಪ್ಪವಾಗಿ ಕಾಣುವುವು. ಇನ್ನೊಂದು ಜಾತಿಯಾದ ಸದಿಶ ಚಿತ್ರದಲ್ಲಿ ಚುಕ್ಕೆಗಳ ರಾಶಿಯಿಲ್ಲ. ಕೆಲವು ಬಿಂದುಗಳ ನಿರ್ದೇಶಾಂಕಗಳೂ ಅವನ್ನು ಜೋಡಿಸುವ ಕ್ರಮವೂ ಮಾತ್ರ ಇರುತ್ತವೆ. ಹೊನ್ನಾಳಿಯ ಬಳಿ ತುಂಗಭದ್ರೆಯ ಒಂದು ತಿರುವನ್ನು ನಾಲ್ಕಾರು ಬಿಂದುಗಳಿಂದಲೇ ಬರೆಯಬಹುದು. ಬಿಂದುಗಳ ಅಂಕಗಳನ್ನು ಬದಲಿಸಿದರೆ ಸಾಕು, ತಿರುವು ಎಷ್ಟು ದೊಡ್ಡದಾದರೂ ನುಣುಪು ಕೆಡದು. 1995ರಲ್ಲಿ ಬ್ರೆಂಡನ್ ಐಕ್ ಎಂಬಾತನು ರಚಿಸಿದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇಂಥ ಚಿತ್ರಗಳಿಗೆಂದೇ ಸಿದ್ಧಪಡಿಸಿದ ಸೂಚನೆಗಳ ಸಂಗ್ರಹಗಳುಂಟು, ಅವನ್ನು ಲೈಬ್ರರಿಗಳೆನ್ನುವರು. ಪೇಪರ್ ಜೆಎಸ್, ಫ್ಯಾಬ್ರಿಕ್ ಜೆಎಸ್, ಕೊನ್ವಾ ಎಂಬುವು ಅವುಗಳಲ್ಲಿ ಕೆಲವು.

ಯಾವುದೇ ಆಕೃತಿಯನ್ನು ಹಿಗ್ಗಿಸುವಾಗ ಒಂದು ಬಿಂದು ಮಾತ್ರ ಅಲುಗದೆ ನಿಲ್ಲುತ್ತದೆ. ಅದನ್ನು ಸ್ಥಿರಬಿಂದು ಎನ್ನೋಣ. ಉಳಿದ ಪ್ರತಿಯೊಂದು ಬಿಂದುವಿಗೂ ಅದರಿಂದ ಇರುವ ದೂರವನ್ನು ಗುಣಕದಿಂದ ಗುಣಿಸಿ, ಬಂದುದನ್ನು ಸ್ಥಿರಬಿಂದುವಿನ ಅಂಕಕ್ಕೆ ಕೂಡಬೇಕು. ಪೇಪರ್ ಜೆಎಸ್‌ನಲ್ಲಿ ನಾವು ಬೇರೆ ಹೇಳದಿದ್ದರೆ ಆಕೃತಿಯನ್ನು ಸುತ್ತುವರಿದ ಆಯತದ ನಡುವೇ ಸ್ಥಿರಬಿಂದುವಾಗುವುದು. ತೊಡಕು ಹುಟ್ಟುವುದು ಇಲ್ಲಿಯೇ. ನ್ಯಾಮತಿಯ ನಡು 50ರಲ್ಲಿ, ಹೊನ್ನಾಳಿಯ ನಡು 80ರಲ್ಲಿ, ಇಬ್ಬರಿಗೂ ಸೇರಿದ ಗಡಿಯ ಒಂದು ಬಿಂದು 60ರಲ್ಲಿ ಇವೆಯೆಂದು ಇಟ್ಟುಕೊಳ್ಳೋಣ. ಇಮ್ಮಡಿಯಾದ ನ್ಯಾಮತಿಯಲ್ಲಿ ಆ ಗಡಿಬಿಂದುವು 50 + 2 × 10, ಅಂದರೆ 70ಕ್ಕೆ ಹೋಗುತ್ತದೆ. ಹೊನ್ನಾಳಿಯಲ್ಲಿ ಅದೇ ಬಿಂದುವು 80 − 2 × 20, ಅಂದರೆ 40ಕ್ಕೆ ಬರುತ್ತದೆ. ಒಂದೇ ಆಗಿದ್ದ ಗಡಿ ಎರಡಾಗಿ, ನಡುವೆ 30ರಷ್ಟು ನೆಲಕ್ಕೆ ಇಬ್ಬರು ಒಡೆಯರಾದರು! ಗಡಿಯ ಬೇರೆ ಯಾವ ಬಿಂದುವನ್ನು ಆರಿಸಿಕೊಂಡರೂ ಈ ಅಂತರ 30 ಆಗಿಯೇ ಬರುವುದನ್ನು ವಾಚಕರು ತಾವೇ ಲೆಕ್ಕಮಾಡಿ ನೋಡಬಹುದು.

ಎರಡಕ್ಕೂ 65 ಎಂಬ ಒಂದೇ ಸ್ಥಿರಬಿಂದುವನ್ನು ಕೊಟ್ಟರೋ, ಗಡಿಬಿಂದುವು ಎರಡು ಲೆಕ್ಕದಲ್ಲಿಯೂ 55ಕ್ಕೇ ಬರುತ್ತದೆ, ಒಡಕಿಗೆ ಎಡೆಯಿಲ್ಲ. ಆದುದರಿಂದ ನೆರೆಯ ಆಕೃತಿಗಳನ್ನೆಲ್ಲ ಮೊದಲು ಒಂದು ಗುಂಪಾಗಿ ಕಟ್ಟಿ, ಅನಂತರ ಗುಂಪನ್ನೇ ಹಿಗ್ಗಿಸಬೇಕು. ಸೂಳೆಕೆರೆಯೂ ಅದೇ ಗುಂಪಿನಲ್ಲಿರಬೇಕು. ಸ್ಥಿರಬಿಂದುವಾಗಿ ತೆರೆಯ ಮೂಲಬಿಂದುವನ್ನೇ ಹಿಡಿದರೆ ಗಡಿಗಳೇನೋ ಕೂಡಿಯೇ ಇರುವುವು. ಆದರೆ ತೆರೆಯಲ್ಲಿ ಮೂಲಬಿಂದುವು ಎಡಮೇಲಿನ ಮೂಲೆಯಲ್ಲಿದ್ದು, ನಮ್ಮ ಗ್ರಾಫ್ ಕಾಗದಕ್ಕೆ ವಿರುದ್ಧವಾಗಿ ಕೆಳಗಿಳಿದಂತೆ ಅಂಕ ಹೆಚ್ಚುವುದರಿಂದ, ನಕ್ಷೆಯು ಬಲಕ್ಕೂ ಕೆಳಕ್ಕೂ ಓಡಿ ಮರೆಯಾದೀತು.

ಇನ್ನೊಂದು ವಿಚಿತ್ರವುಂಟು. ಕೆಲವು ವೇಳೆ ಆಕೃತಿಯೊಡನೆ ಗೆರೆಯೂ ದಪ್ಪವಾಗುತ್ತದೆ, ಕೆಲವು ವೇಳೆ ಆಗುವುದಿಲ್ಲ. ಪೇಪರ್ ಜೆಎಸ್ ಸಾಮಾನ್ಯವಾಗಿ ಗುಣಾಕಾರವನ್ನು ಒಡನೆಯೇ ಮುಗಿಸಿ ಬಿಂದುಗಳ ಅಂಕಗಳನ್ನೇ ತಿದ್ದಿಬಿಡುತ್ತದೆ. ಗೆರೆಯ ದಪ್ಪ ಬೇರೆಯೇ ಅಂಕವಾದುದರಿಂದ ಅದು ಹಾಗೆಯೇ ಉಳಿಯುತ್ತದೆ. ಫ್ಯಾಬ್ರಿಕ್ ಮತ್ತು ಕೊನ್ವಾ ಹಳೆಯ ಅಳತೆಯನ್ನು ಮುಟ್ಟದೆ ಗುಣಕವನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡು, ಚಿತ್ರಿಸುವ ಹೊತ್ತಿಗೆ ಎಲ್ಲವನ್ನೂ ಗುಣಿಸುತ್ತವೆ. ಗೆರೆಯೂ ಅದಕ್ಕೆ ಸಿಕ್ಕಿಬೀಳುತ್ತದೆ. ಎಲ್ಲೆಗೆರೆ ಹಗ್ಗದಂತೆ ಉಬ್ಬಬಾರದೆಂದರೆ ಫ್ಯಾಬ್ರಿಕ್‌ನಲ್ಲಿ ಸ್ಟ್ರೋಕ್‌ಯೂನಿಫಾರ್ಮ್ ಎಂಬ ಗುಣವನ್ನು ಹೌದೆಂದೂ, ಕೊನ್ವಾದಲ್ಲಿ ಸ್ಟ್ರೋಕ್‌ಸ್ಕೇಲ್‌ಎನೇಬಲ್ಡ್ ಎಂಬುದನ್ನು ಅಲ್ಲವೆಂದೂ ತಿಳಿಸಬೇಕು. ಹಿಗ್ಗಿದ ಆಕೃತಿಯ ಅಗಲವನ್ನು ಕೇಳಿದರೆ ಇವು ಹಳೆಯ ಅಂಕವನ್ನೇ ಹೇಳುವುದೂ ಇದೇ ಕಾರಣದಿಂದ. ಅದನ್ನು ಗುಣಕದಿಂದ ಗುಣಿಸಿಕೊಳ್ಳುವ ಹೊಣೆ ಕೇಳಿದವನದು. ಈ ಎರಡನೆಯ ಕ್ರಮವೇ ನಮಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಮೊದಲಿನ ಅಳತೆ ಎಂದಿಗೂ ಕಳೆದುಹೋಗದು. ಬಿಂದುಗಳನ್ನೇ ಸೊನ್ನೆಯಿಂದ ಗುಣಿಸಿ ಒಂದೆಡೆ ಕುಪ್ಪೆಮಾಡಿದರೆ, ಅವನ್ನು ಬಿಡಿಸಿ ಮರಳಿ ಹರಡಬಲ್ಲ ಗುಣಕ ಯಾವುದೂ ಇಲ್ಲವಷ್ಟೆ.

ಮೂಲೆಯನ್ನು ಹಿಡಿದು ಎಳೆಯುವಾಗ ಎದುರುಮೂಲೆಯೇ ಸ್ಥಿರಬಿಂದು. ಹೊಸ ಅಗಲವನ್ನು ಹಳೆಯ ಅಗಲದಿಂದ ಭಾಗಿಸಿದರೆ ಗುಣಕ ದೊರೆಯುತ್ತದೆ. ಹಳೆಯ ಅಗಲವೆಂದರೆ ಎಳೆಯಲು ತೊಡಗಿದಾಗ ಇದ್ದುದು. ಕೈ ಸರಿದಂತೆಲ್ಲ ಆ ಗುಣಕದಿಂದ ಮತ್ತೆ ಮತ್ತೆ ಗುಣಿಸುತ್ತ ಹೋದರೆ ಚಕ್ರಬಡ್ಡಿಯ ಸಾಲದಂತೆ ಆಕೃತಿಯು ಉಬ್ಬಿಬಿಡುವುದು. ಕೈ ಎದುರುಮೂಲೆಯನ್ನು ಅಡ್ಡಲಾಗಿ ದಾಟಿದರೆ ಗುಣಕ ಋಣವಾಗಿ, ಆಕೃತಿಯು ಕನ್ನಡಿಯ ಬಿಂಬದಂತೆ ಎಡಬಲವಾಗುತ್ತದೆ. ಗುಣಕ 2 ಆದರೆ ವಿಸ್ತೀರ್ಣ ನಾಲ್ಮಡಿಯಾಗುವುದೆಂಬುದನ್ನೂ ಮರೆಯಲಾಗದು. ವಿಸ್ತೀರ್ಣವೇ ಇಮ್ಮಡಿಯಾಗಬೇಕಾದರೆ ಗುಣಕ ಸುಮಾರು 1.414 ಇರಬೇಕು.

ಜಗಳೂರಿನ ಮಾತು ಬೇರೆ. ಅದು ಉಳಿದ ಮೂರರಿಂದ ದೂರ, ಜಿಲ್ಲೆಯ ಈಶಾನ್ಯದಲ್ಲಿದೆ. ಗುಂಪಿನೊಡನೆ ಹಿಗ್ಗಿಸಿದರೆ ಆ ದೂರವೂ ಇಮ್ಮಡಿಯಾಗಿ ತೆರೆಯ ಅಂಚನ್ನು ದಾಟಬಹುದು. ಆ ಮೂರರಲ್ಲಿ ಯಾವುದಕ್ಕೂ ಅದು ತಾಗಿಲ್ಲವಾದುದರಿಂದ, ಬೇರೊಂದು ಚೌಕದಲ್ಲಿಟ್ಟು ಅದರ ನಡುವಿನಿಂದಲೇ ಹಿಗ್ಗಿಸುವುದು ಲೇಸು. ಆದರೆ ಆ ಚೌಕಕ್ಕೆ 10 ಕಿಲೋಮೀಟರೆಂದು ಬರೆದ ಅಳತೆಪಟ್ಟಿಯೊಂದನ್ನು ಜೊತೆಗೇ ಕಟ್ಟಿರಬೇಕು. ಪಟ್ಟಿಯು ಹಿಗ್ಗದೆ ಜಗಳೂರು ಮಾತ್ರ ಇಮ್ಮಡಿಯಾದರೆ, ನಕ್ಷೆ ನೋಡಿ ಹೊರಟವನು 10 ಕಿಲೋಮೀಟರಿನ ದಾರಿಯನ್ನು 20 ಎಂದೇ ಓದುವನು.