ಕಪಾಟಿನ ಬಾಗಿಲು ತೆರೆಯಲಿ, ಪುಸ್ತಕ ನೆರೆಮನೆಗೂ ಹೋಗಲಿ

ಪುಸ್ತಕ ಪ್ರೇಮಿಗಳಲ್ಲಿ ಎರಡು ಬಗೆಯವರನ್ನು ನಾವು ಕಾಣುತ್ತೇವೆ. ಪುಸ್ತಕ ಕೊಂಡು, ಬೈಂಡ್ ಹಾಕಿ, ಹೆಸರು ಬರೆದು, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುವವರು ಒಂದು ಬಗೆ. ಓದಿ ಮುಗಿಸುವ ಮೊದಲೇ 'ಇದನ್ನು ಯಾರಿಗೆ ಕೊಡಬಹುದು?' ಎಂದು ಯೋಚಿಸುವವರು ಇನ್ನೊಂದು ಬಗೆ. ಈ ಎರಡನೆಯವರ ಮನೆಗೆ ಹೋದರೆ ಬರಿಗೈಯಲ್ಲಿ ವಾಪಸ್ ಬರುವ ಹಾಗಿಲ್ಲ. ಚಾ ಕುಡಿದು ಏಳುವಾಗ ಕೈಗೊಂದು ಪುಸ್ತಕ ಬಂದೇ ಬರುತ್ತದೆ. ಮುಂದಿನ ಸಲ ಮದುವೆ ಹಾಲ್‌ನಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಕ್ಕರೆ ಸಲಾಂ ಹೇಳಿದ ಕೂಡಲೇ ಕೇಳುವ ಪ್ರಶ್ನೆ, 'ಓದಿ ಆಯ್ತಾ?'

ಈ ಎರಡನೆಯ ಬಗೆಯವರ ಮಾತು ಬಂದಾಗಲೆಲ್ಲ ನಮಗೆ ಮೈಸೂರಿನ ಸೈಯದ್ ಇಸಾಕ್ ನೆನಪಾಗುತ್ತಾರೆ. ಅವರು ಪ್ರೊಫೆಸರ್ ಅಲ್ಲ, ಲೇಖಕರೂ ಅಲ್ಲ. ಒಳಚರಂಡಿ ಸ್ವಚ್ಛ ಮಾಡುವುದು, ಸಿಕ್ಕ ಕೂಲಿ ಕೆಲಸ ಮಾಡುವುದು ಅವರ ಜೀವನೋಪಾಯ. ಶಾಲೆಗೆ ಹೋಗುವ ಭಾಗ್ಯ ಅವರಿಗೆ ಸಿಗಲಿಲ್ಲ. ಆದರೆ ರಾಜೀವನಗರದಲ್ಲಿ 2011ರಲ್ಲಿ ಒಂದು ಶೆಡ್ಡಿನಂಥ ಜಾಗದಲ್ಲಿ ಸಾರ್ವಜನಿಕರಿಗಾಗಿ ಗ್ರಂಥಾಲಯ ಶುರು ಮಾಡಿದರು. ಅಲ್ಲಿದ್ದ ಸುಮಾರು 11 ಸಾವಿರ ಪುಸ್ತಕಗಳಲ್ಲಿ ಹೆಚ್ಚಿನವು ಕನ್ನಡದವು. ಕುರ್‌ಆನ್, ಭಗವದ್ಗೀತೆ, ಬೈಬಲ್ ಮೂರೂ ಒಂದೇ ಸೂರಿನಡಿ ಇದ್ದವು. ದಿನಕ್ಕೆ ನೂರಕ್ಕೂ ಹೆಚ್ಚು ಜನ ಬಂದು ಕೂತು ಓದುತ್ತಿದ್ದರು. ಕನ್ನಡ, ಇಂಗ್ಲಿಷ್, ಉರ್ದು ಪತ್ರಿಕೆಗಳಿಗೆ ಹಣ ಹೋಗುತ್ತಿದ್ದದ್ದು ಅವರ ಕೂಲಿಯಿಂದಲೇ. ತಾನು ಓದಲಾರದ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಟ್ಟು ಸಂತೋಷಪಡುವವರಿಗೆ ಪುಸ್ತಕ ಪ್ರೇಮಿ ಎನ್ನದೆ ಬೇರೆ ಏನೆನ್ನಬೇಕು?

2021ರ ಏಪ್ರಿಲ್ 9ರ ನಸುಕಿನಲ್ಲಿ ಆ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಹತ್ತು ವರ್ಷ ಕೂಡಿಟ್ಟದ್ದು ಬೆಳಗಾಗುವಷ್ಟರಲ್ಲಿ ಬೂದಿಯಾಗಿತ್ತು. ಇಸಾಕ್ ಕೈಚೆಲ್ಲಿ ಕೂರಲಿಲ್ಲ. ಮತ್ತೆ ಕಟ್ಟುತ್ತೇನೆ ಎಂದರು. ಸುದ್ದಿ ಹರಡಿದಂತೆ ದೇಶದ ಮೂಲೆಮೂಲೆಯಿಂದ ಜನ ನೆರವಿಗೆ ಬಂದರು. ಆನ್‌ಲೈನಿನಲ್ಲಿ ಸೇರಿದ ಹಣವೇ 20 ಲಕ್ಷ ರೂಪಾಯಿ ದಾಟಿತು. ಹಣ ಕಳಿಸಿದವರಲ್ಲಿ ಎಲ್ಲಾ ಧರ್ಮದವರೂ ಇದ್ದರು. ಅವರಲ್ಲಿ ಹೆಚ್ಚಿನವರು ಆ ಶೆಡ್ಡನ್ನು ಕಣ್ಣಲ್ಲಿ ಕಂಡವರೂ ಅಲ್ಲ.

ನಮ್ಮ ಬ್ಯಾರಿಗಳಿಗೆ ಇದು ಹೊಸ ಕಥೆಯೇನಲ್ಲ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬರು ಶಾಲೆಯ ಮುಖ ಕಾಣದವರು. ಊರಿನ ಮಕ್ಕಳಿಗಾಗಿ ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಮಾಡಿದರು, ಪದ್ಮಶ್ರೀಯೂ ಬಂತು. ಅಕ್ಷರ ಸಿಗದವರಿಗೇ ಅಕ್ಷರದ ಬೆಲೆ ಹೆಚ್ಚು ಗೊತ್ತು. ಹಾಗಾದರೆ ಅಕ್ಷರ ಸಿಕ್ಕಿರುವ ನಾವು ಏನು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಡವೇ?

ನಮ್ಮ ಮನೆಗಳನ್ನೇ ನೋಡೋಣ. ಹೊಸ ಮನೆ ಕಟ್ಟುವಾಗ ಚಾವಡಿಯ ಶೋಕೇಸಿಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ. ಅದರಲ್ಲಿ ಗಲ್ಫಿನಿಂದ ಬಂದ ಗಾಜಿನ ಸಾಮಾನು, ಮಕ್ಕಳ ಟ್ರೋಫಿ ಎಲ್ಲ ಇರುತ್ತದೆ. ಪುಸ್ತಕ ಇದ್ದರೂ ಅದು ಅಲಂಕಾರಕ್ಕೆ. ಮಗ ಪಾಸಾದ ಮೇಲೆ ಅವನ ಪಠ್ಯಪುಸ್ತಕ ಗುಜರಿಗೆ ಹೋಗುತ್ತದೆ. ಪಕ್ಕದ ಮನೆಯ ಹುಡುಗಿ ಅದೇ ಪುಸ್ತಕಕ್ಕಾಗಿ ಅಂಗಡಿ ಅಂಗಡಿ ಅಲೆಯುತ್ತಿರುತ್ತಾಳೆ. ಪೆರ್ನಾಲಿಗೆ ಬಿರಿಯಾನಿ ಹಂಚುವಾಗ ನಾಲ್ಕು ಮನೆ ಬಿಡದ ನಾವು ಪುಸ್ತಕದ ವಿಷಯದಲ್ಲಿ ಯಾಕೆ ಕೈ ಹಿಡಿಯುತ್ತೇವೆ?

ಇದರಿಂದ ಹೆಚ್ಚು ನಷ್ಟ ಆಗುವುದು ಮನೆಯೊಳಗಿರುವ ಹೆಣ್ಣುಮಕ್ಕಳಿಗೆ. ಗಂಡಸರಿಗೆ ಪೇಟೆ ಇದೆ, ಲೈಬ್ರರಿ ಇದೆ, ಹೋಟೆಲಿನ ಮೇಜಿನ ಮೇಲೆ ಪೇಪರಾದರೂ ಸಿಗುತ್ತದೆ. ಎಸೆಸೆಲ್ಸಿಯೋ ಪಿಯುಸಿಯೋ ಮುಗಿಸಿ ಮದುವೆಯಾಗಿ ಹೋದ ಹುಡುಗಿಗೆ? ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ ಅವರ ಬದುಕನ್ನೇ ನೋಡಿ. ಹೈಸ್ಕೂಲ್ ಮುಗಿಯುತ್ತಲೇ ಮದುವೆ. ಮುಂದೆ ಓದುವ ಆಸೆ ಆಸೆಯಾಗಿಯೇ ಉಳಿಯಿತು. ಗ್ರಂಥಾಲಯದ ಸದಸ್ಯತ್ವ ಅವರಿಗೆ ಸಿಕ್ಕಿದ್ದು 1963ರಲ್ಲಿ. ಆಮೇಲೆ ಅದೇ ಕೈ 'ಚಂದ್ರಗಿರಿಯ ತೀರದಲ್ಲಿ' ಬರೆಯಿತು, ಕನ್ನಡದ ಓದುಗರು ನಮ್ಮ ಮನೆಗಳ ಹೆಣ್ಣುಮಕ್ಕಳ ಮಾತು ಕೇಳುವಂತಾಯಿತು. ಒಂದು ಲೈಬ್ರರಿ ಕಾರ್ಡ್ ಎಷ್ಟು ದೂರ ಕರೆದುಕೊಂಡು ಹೋಗಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇವತ್ತು ಅಡುಗೆ ಮುಗಿಸಿ ಮಧ್ಯಾಹ್ನ ಮೊಬೈಲ್ ತಿರುವುತ್ತಾ ಕೂತ ಸೊಸೆಯ ಕೈಗೆ ಯಾರಾದರೂ ಒಂದು ಕಾದಂಬರಿ ಕೊಟ್ಟರೆ, ಅವಳೊಳಗೆ ಯಾರಿದ್ದಾರೋ ಯಾರಿಗೆ ಗೊತ್ತು!

'ಕೊಟ್ಟ ಪುಸ್ತಕ ವಾಪಸ್ ಬರಲ್ಲ ಮಾರಾಯ್ರೆ' ಎಂಬ ದೂರು ಎಲ್ಲರ ಬಾಯಲ್ಲೂ ಇದೆ. ದೂರು ಸುಳ್ಳಲ್ಲ. ಅದಕ್ಕೆ ಔಷಧವೂ ಸುಲಭವಾಗಿಯೇ ಇದೆ. ಒಂದು ನೂರು ಪುಟದ ನೋಟ್‌ಬುಕ್ ಇಡಿ. ಪುಸ್ತಕದ ಹೆಸರು, ಕೊಂಡುಹೋದವರ ಹೆಸರು, ತಾರೀಕು ಇಷ್ಟು ಬರೆದರೆ ಸಾಕು. ತಿಂಗಳಾದರೆ ನಾಚಿಕೆ ಇಲ್ಲದೆ ಫೋನ್ ಮಾಡಿ ಕೇಳಿ. ಸಾಲ ಕೊಟ್ಟ ದುಡ್ಡು ಕೇಳುವುದಿಲ್ಲವೇ, ಹಾಗೆಯೇ. ಆದರೂ ಹತ್ತರಲ್ಲಿ ಒಂದೆರಡು ಹೋಗಬಹುದು, ಹೋಗಲಿ. ಕಪಾಟಿನಲ್ಲಿಟ್ಟದ್ದೂ ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿದು, ಗೆದ್ದಲು ತಿಂದು ಹೋಗುವುದೇ. ಓದಿದವರ ಕೈಯಲ್ಲಿ ಹೋದರೆ ಉಪಯೋಗವಾದರೂ ಆದೀತು.

ಮನೆಯಲ್ಲಿ ಪುಸ್ತಕ ಇಲ್ಲದವರು ಏನು ಮಾಡುವುದು? ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆ ಕಟ್ಟುವಾಗ ನಾವೆಲ್ಲ ಅದರ ಮೇಲೆ ಶೇ. 6ರಷ್ಟು ಗ್ರಂಥಾಲಯ ಸೆಸ್ ಕೊಡುತ್ತೇವೆ. ಅಂದರೆ ಲೈಬ್ರರಿಯ ಪುಸ್ತಕದಲ್ಲಿ ನಮ್ಮದೂ ಪಾಲಿದೆ. ಕೊರೋನಾ ಕಾಲದಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ರೇಷನ್ ಅಂಗಡಿಗೆ ಹೋಗುವ ದಾರಿಯಲ್ಲೇ ಪಂಚಾಯತ್ ಲೈಬ್ರರಿ ಇದ್ದರೂ ಒಳಗೆ ಕಾಲಿಡದವರು ನಮ್ಮಲ್ಲಿ ಎಷ್ಟು ಮಂದಿ! ಮಗುವಿನ ಹೆಸರಿನಲ್ಲಿ ಕಾರ್ಡ್ ಮಾಡಿಸಿದರೆ ಮಗುವಿನ ಜೊತೆ ಉಮ್ಮನೂ ಓದಬಹುದು. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಸ್ಥಾಪನೆಯಾದ ಮೇಲೆ ನಮ್ಮ ಮನೆಮಾತಿನ ಪುಸ್ತಕಗಳೂ ಕನ್ನಡ ಲಿಪಿಯಲ್ಲೇ ಬರುತ್ತಿವೆ. ಅವು ಬೇಕು ಎಂದು ಲೈಬ್ರರಿಯಲ್ಲಿ ಕೇಳೋಣ. ಕೇಳುವವರಿದ್ದರೆ ತರಿಸುವವರೂ ಇರುತ್ತಾರೆ.

ಮೊಹಲ್ಲಾದಲ್ಲಿ ಯುವಕರ ಸಂಘಗಳಿವೆ. ಕ್ರಿಕೆಟ್ ಟೂರ್ನಮೆಂಟ್ ಮಾಡುತ್ತಾರೆ, ರಕ್ತದಾನ ಶಿಬಿರ ಮಾಡುತ್ತಾರೆ, ಎಲ್ಲವೂ ಒಳ್ಳೆಯದೇ. ಅದರ ಜೊತೆ ಮದ್ರಸದ ಒಂದು ಮೂಲೆಯಲ್ಲಿ ಒಂದು ಕಪಾಟು ಇಟ್ಟು, ಮನೆಗೊಂದರಂತೆ ಪುಸ್ತಕ ಕೇಳಿದರೆ ಐವತ್ತು ಮನೆಯಿಂದ ಐವತ್ತು ಪುಸ್ತಕ ಆಯಿತು. ದೊಡ್ಡ ಬಜೆಟ್ ಬೇಡ, ಉದ್ಘಾಟನೆಗೆ ಮಂತ್ರಿಯೂ ಬೇಡ. ಬಾಗಿಲು ತೆರೆಯಲು, ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಲು ಪುಸ್ತಕದ ಮೇಲೆ ಪ್ರೀತಿ ಇರುವ ಒಬ್ಬರು ಇದ್ದರೆ ಸಾಕು. ಈ ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ನಿಮ್ಮ ಮನೆಯ ಕಪಾಟಿನ ಮುಂದೆ ಐದು ನಿಮಿಷ ನಿಲ್ಲಿ. ಓದಿ ಮುಗಿದದ್ದು ಒಂದನ್ನು ಆರಿಸಿ, ಪಕ್ಕದ ಮನೆಯ ಬಾಗಿಲು ತಟ್ಟಿ.