ಸಣ್ಣ ದೋಣಿಗೆ ಎಷ್ಟು ಅಶ್ವಶಕ್ತಿ?

ಹೂವಿನ ಹಿಪ್ಪರಗಿಯ ನಮಗೆ ದೋಣಿಯ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ನಮ್ಮ ಸೀಮೆಯದೇ. ಗಾಳಿ ಎದ್ದರೆ ಅದು ಹೊಳೆಯಲ್ಲ, ಕಡಲೇ ಸರಿ.

ಹರಿಗೋಲಿಗೆ ಯಂತ್ರದ ಮಾತಿಲ್ಲ. ದುಂಡಗಿನ ಅದಕ್ಕೆ ಹಿಂದುಮುಂದಿಲ್ಲ, ಯಂತ್ರ ಕಚ್ಚಿಸಲು ಹಲಗೆಯೂ ಇಲ್ಲ. ಹಿಂಬದಿ ಹಲಗೆಯುಳ್ಳ, 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಅಮೇರಿಕದ ಕರಾವಳಿ ಪಡೆಯವರ ಒಂದು ಲೆಕ್ಕವುಂಟು. ದೋಣಿಯ ಉದ್ದವನ್ನೂ ಆ ಹಲಗೆಯ ಅಗಲವನ್ನೂ ಅಡಿಗಳಲ್ಲಿ ಅಳೆದು ಗುಣಿಸಬೇಕು. 12 ಅಡಿ ಉದ್ದ, ಮೂರೂವರೆ ಅಡಿ ಅಗಲವಾದರೆ 42. ಅದಕ್ಕೆ ಮಿತಿ ಏಳೂವರೆ ಅಶ್ವಶಕ್ತಿ. ತಳ ಚಪ್ಪಟೆಯಾಗಿದ್ದು ಪಕ್ಕಗಳು ಮೂಲೆಗಟ್ಟಿ ಕೂಡಿದ್ದರೆ ಒಂದು ಮೆಟ್ಟಿಲಿಳಿದು ಐದೇ.

ಹೆಚ್ಚಾದರೆ ಕೆಡುಕೇನು ಎನ್ನುವವರುಂಟು. ದೊಡ್ಡ ಯಂತ್ರದ ಭಾರಕ್ಕೆ ಹಿಂಬದಿ ತಗ್ಗುತ್ತದೆ. ನಡೆಸುವವನೂ ಅಲ್ಲಿಯೇ ಕೂಡ್ರುತ್ತಾನೆ. ಓಡುವಾಗ ಇದು ತಿಳಿಯದು. ವೇಗವನ್ನು ಥಟ್ಟನೆ ಇಳಿಸಿದಾಗ ದೋಣಿ ಎಬ್ಬಿಸಿದ ಅಲೆಯೇ ಬೆನ್ನಟ್ಟಿ ಬಂದು ಹಲಗೆ ದಾಟಿ ಒಳನುಗ್ಗುತ್ತದೆ. ಜೋರಿನಲ್ಲಿ ತಿರುಗಿಸಿದರೆ ಮಗುಚಲೂಬಹುದು.

ಮೇಲಿನ ಅಂಕಿ ಗರಿಷ್ಠ ಮಿತಿಯೇ ಹೊರತು ಅಷ್ಟು ಇರಲೇಬೇಕೆಂದಲ್ಲ. ಬಲೆ ಬಿಡಲು ಹೋಗುವವನಿಗೆ ಅದಕ್ಕಿಂತ ಕಡಿಮೆಯೇ ಸಾಕು. ಯಂತ್ರ ಕೈಕೊಟ್ಟ ದಿನಕ್ಕೆಂದು ಹುಟ್ಟು ಮಾತ್ರ ದೋಣಿಯಲ್ಲಿರಲಿ.